ಬಾಗಿದ ಬೆನ್ನಿಗೂ ಒಂದು ಕೆಲಸವುಂಟು

ಹೊಸೂರು ಎಂದೊಡನೆ ಕಾಸರಗೋಡಿನ ಕನ್ನಡಿಗರಿಗೆ ನೆನಪಾಗುವುದು ಭಾಷೆಯ ಸಂಗತಿ. 1956ರ ನವೆಂಬರ್ 1ರಂದು ನಾವು ಕೇರಳದ ಪಾಲಾದೆವು. ಹೊಸೂರು, ದೇಂಕಣಿಕೋಟೆ, ತಳಿ, ಕೆಲಮಂಗಲದ ಕಡೆಯ ಕನ್ನಡಿಗರು ಮದ್ರಾಸ್ ರಾಜ್ಯದಲ್ಲಿಯೇ ಉಳಿದರು. ಅಂದಿನಿಂದ ಅವರ ಸುದ್ದಿ ನಮಗೆ ಬರುವುದೆಂದರೆ ಶಾಲೆಯದು, ಪಠ್ಯಪುಸ್ತಕದ್ದು, ತಮಿಳು ಕಡ್ಡಾಯದ ಕಾನೂನಿನದು. ಆದರೆ ಆ ನೆಲದ ಹಳ್ಳಿಗಳಲ್ಲಿ ಭಾಷೆಗಿಂತ ಹತ್ತಿರದ ಚಿಂತೆಯೊಂದು ಬಹುಕಾಲದಿಂದ ಇದೆ. ಅದು ಕುಡಿಯುವ ನೀರಿನ ಮೂಲಕ ಮೂಳೆಗೆ ಬಂದು ಸೇರಿಕೊಂಡ ಬೇನೆ. ಕನ್ನಡದ ಮನೆ, ತೆಲುಗಿನ ಮನೆ, ತಮಿಳಿನ ಮನೆ ಎಂಬ ಭೇದ ಅದಕ್ಕಿಲ್ಲ.

ಇಂಥ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ಎಣ್ಮಕಜೆ ಮೊದಲಾದ ಪಂಚಾಯತುಗಳ ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದು, ಆಮೇಲೆ ಎಷ್ಟೋ ಮನೆಗಳ ಮೂಲೆಯಲ್ಲಿ ಒಂದು ಮಗು ಮಲಗಿಯೇ ಬೆಳೆದದ್ದು ನಾವು ಕಣ್ಣಾರೆ ಕಂಡ ವಿಷಯ. ವಾಸಿಯಾಗುವ ಕಾಯಿಲೆಗೆ ಔಷಧ ಕುಡಿದು ಕಾಯಬಹುದು. ವಾಸಿಯಾಗದೆಂದು ತಿಳಿದ ಮೇಲೆ ಉಳಿದ ವರ್ಷಗಳನ್ನು ಏನು ಮಾಡುವುದು? ಬದುಕಿನಲ್ಲಿ ಆಸಕ್ತಿಯನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಕೃಷ್ಣಗಿರಿಯ ಕಡೆಯ ಅನುಭವದಿಂದ ಈ ಪ್ರಶ್ನೆಗೆ ಸ್ವಲ್ಪ ಉತ್ತರ ಸಿಗುತ್ತದೆ.

ಧರ್ಮಪುರಿ ಮತ್ತು 2004ರಲ್ಲಿ ಅದರಿಂದ ಬೇರೆಯಾದ ಕೃಷ್ಣಗಿರಿ, ಇವೆರಡೂ ಬಂಡೆಗಲ್ಲಿನ ಜಿಲ್ಲೆಗಳು. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಎಂಬ ಅಂಶವಿದೆ. ನೀರು ಬಂಡೆಯ ಬಿರುಕುಗಳಲ್ಲಿ ಎಷ್ಟು ಕಾಲ ನಿಲ್ಲುತ್ತದೆಯೋ ಅಷ್ಟೂ ಅದು ಕರಗಿ ಬರುತ್ತದೆ. ಕೆರೆಯ ನೀರನ್ನೂ ಮೇಲುಮಟ್ಟದ ತೆರೆದ ಬಾವಿಯ ನೀರನ್ನೂ ಕುಡಿಯುತ್ತಿದ್ದ ಕಾಲದಲ್ಲಿ ಹಾವಳಿ ಕಡಿಮೆ. ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆ ಬಾವಿ ಆಳಕ್ಕೆ ಇಳಿದ ಹಾಗೆ ಫ್ಲೋರೈಡೂ ಮೇಲೆ ಬಂತು. ಗುಡ್ಡದ ಸುರಂಗದಿಂದ ಹರಿದು ಬರುವ ನೀರು ಕುಡಿದು ಬೆಳೆದ ನಮ್ಮವರಿಗೆ, ಕಣ್ಣಿಗೆ ಸ್ಫಟಿಕದಂತೆ ಕಾಣುವ ನೀರು ಬೆನ್ನೆಲುಬನ್ನು ಬಿಗಿಯುತ್ತದೆ ಎಂದರೆ ನಂಬುವುದು ಕಷ್ಟವೇ ಸರಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಫ್ಲೋರೋಸಿಸ್ ಎಂದು ಅದರ ಹೆಸರು. ಲೀಟರು ನೀರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಕೂಡದು. 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಹೊಸ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನ ಮಕ್ಕಳು ಇದಕ್ಕಿಂತ ಹೆಚ್ಚಿನದನ್ನು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಉಜ್ಜಿದರೆ ಹೋಗುವ ಕಲೆ ಅದಲ್ಲ. ಹಲವು ವರ್ಷ ಕುಡಿದ ದೊಡ್ಡವರಿಗೆ ಮೊದಲು ಕೀಲುಗಳಲ್ಲಿ ನೋವು ಬರುತ್ತದೆ. ಆಮೇಲೆ ಬಿಗಿತ. ಮೂಳೆಗಳನ್ನು ಜೋಡಿಸುವ ತಂತುಗಳು ತಾವೇ ಮೂಳೆಯಂತೆ ಗಟ್ಟಿಯಾಗುತ್ತವೆ. ಕುತ್ತಿಗೆ ತಿರುಗದು. ಹಿಂದಿನಿಂದ ಯಾರಾದರೂ ಕರೆದರೆ ಇಡೀ ದೇಹವನ್ನೇ ತಿರುಗಿಸಿ ನೋಡಬೇಕು. ಕುಕ್ಕರುಗಾಲಿನಲ್ಲಿ ಕೂರಲಾಗದು. ಬೆನ್ನು ಬಾಗಿ ನಿಂತಲ್ಲೇ ಸೆಟೆಯುತ್ತದೆ. ತೀವ್ರವಾದರೆ ನರಗಳು ಅದುಮಿ ಕಾಲು ಸೋಲುತ್ತದೆ.

ಒಮ್ಮೆ ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಇದನ್ನು ಮುಚ್ಚಿಟ್ಟು ಸುಳ್ಳು ಸಮಾಧಾನ ಹೇಳುವುದರಲ್ಲಿ ಅರ್ಥವಿಲ್ಲ. ಎಣ್ಣೆ, ಭಸ್ಮ, ಪಟ್ಟು ಎಂದು ಮನೆಯ ಹಣವನ್ನೆಲ್ಲ ಕರಗಿಸಿದವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮಾಡಬಹುದಾದದ್ದು ಬೇರೆ ಇದೆ. ನೀರನ್ನು ಬದಲಾಯಿಸಿದರೆ ರೋಗ ಮುಂದುವರಿಯುವುದು ನಿಲ್ಲುತ್ತದೆ. ಆರಂಭದ ನೋವು ತಗ್ಗುವುದೂ ಉಂಟು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಬದಲಿಗೆ ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಈ ಒಂದು ಮಾತು ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಸುಲಭದ ದಾರಿ. ಹಾಲು, ರಾಗಿ, ನುಗ್ಗೆಸೊಪ್ಪಿನ ಸುಣ್ಣದ ಅಂಶ ಹೊಟ್ಟೆಯಲ್ಲಿಯೇ ಫ್ಲೋರೈಡನ್ನು ಸ್ವಲ್ಪಮಟ್ಟಿಗೆ ಹಿಡಿದು ಹೊರಗೆ ಕಳುಹಿಸುತ್ತದೆ. ನೆಲ್ಲಿಕಾಯಿಯೂ ಒಳ್ಳೆಯದೇ. ರಾಗಿ ಅಲ್ಲಿಯ ಮನೆಮನೆಯ ಊಟ, ಅಷ್ಟರಮಟ್ಟಿಗೆ ಪುಣ್ಯ. ಹಾಲಿಲ್ಲದ ಚಹಾವನ್ನು ಮೇಲಿಂದ ಮೇಲೆ ಕುಡಿಯುವ ಅಭ್ಯಾಸ ಮಾತ್ರ ಬಿಡಬೇಕು, ಚಹಾ ಎಲೆಯಲ್ಲಿಯೇ ಫ್ಲೋರೈಡ್ ಇದೆ.

ನೀರು ಬದಲಾಯಿಸುವುದು ಒಂದು ಮನೆಯ ಕೈಯಲ್ಲಿರುವ ಕೆಲಸವಲ್ಲ. ಅದಕ್ಕೆಂದೇ ತಮಿಳುನಾಡು ಸರಕಾರ ಹೊಗೇನಕಲ್ಲಿನಿಂದ ಕಾವೇರಿಯನ್ನು ಎತ್ತಿ ಎರಡೂ ಜಿಲ್ಲೆಗಳಿಗೆ ಕೊಡುವ ಯೋಜನೆಯನ್ನು ಜಪಾನಿನ ಸಾಲದ ನೆರವಿನಿಂದ ಕೈಗೊಂಡಿತು. ಯೋಜನೆಯ ಹೆಸರಿನಲ್ಲಿಯೇ ಫ್ಲೋರೋಸಿಸ್ ನಿವಾರಣೆ ಎಂಬ ಮಾತಿದೆ. 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದೊಡನೆ ಕರ್ನಾಟಕದಲ್ಲಿ ಪ್ರತಿಭಟನೆ, ಅದಕ್ಕೆ ತಮಿಳುನಾಡಿನಲ್ಲಿ ಪ್ರತಿ ಪ್ರತಿಭಟನೆ. ನದಿಯ ಹಕ್ಕಿನ ವಾದದಲ್ಲಿ ಯಾರದು ಸರಿ ಎಂಬುದು ಇಲ್ಲಿಯ ವಿಷಯವಲ್ಲ. ಒಂದನ್ನು ಮಾತ್ರ ಹೇಳಬೇಕಾಗಿದೆ: ಆ ಗದ್ದಲದಲ್ಲಿ ಕನ್ನಡದ ಹೆಸರು ಧಾರಾಳವಾಗಿ ಕೇಳಿಬಂತು, ಆದರೆ ಆ ನೀರನ್ನೇ ಕಾಯುತ್ತಿದ್ದ ಗಡಿಯಾಚೆಯ ಕನ್ನಡಿಗರ ಬೆನ್ನುಮೂಳೆಯ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಗಡಿನಾಡಿನವರ ಪಾಡು ಎಲ್ಲೆಡೆಯೂ ಇಷ್ಟೇ. ಕೊನೆಗೆ 1,900 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ಕೆಲಸ ನಡೆದು 2013ರ ಮೇ ತಿಂಗಳಲ್ಲಿ ಯೋಜನೆ ಉದ್ಘಾಟನೆಯಾಯಿತು.

ಆ ನೀರು ಮುಟ್ಟಿದ ಹಳ್ಳಿಯಲ್ಲಿ ಈಗ ಹುಟ್ಟುವ ಮಗುವಿನ ಹಲ್ಲು ಬೆಳ್ಳಗಿರಬಹುದು. ಆದರೆ ನೀರು ಬರುವ ಮೊದಲೇ ಬೆನ್ನು ಬಾಗಿದವರು?

ಅವರನ್ನು ಮನೆಯವರು ಪ್ರೀತಿಯಿಂದಲೇ ಒಂದು ತಪ್ಪು ದಾರಿಗೆ ಹಚ್ಚುತ್ತಾರೆ. “ಅಪ್ಪಾ, ನೀವು ಸುಮ್ಮನೆ ಕೂತಿರಿ, ಅವ್ವಾ, ನಿಮಗ್ಯಾಕೆ ಈ ಕಷ್ಟ” ಎನ್ನುತ್ತಾರೆ. ಜಗಲಿಯಲ್ಲಿ ಒಂದು ಚಾಪೆ, ಹೊತ್ತಿಗೆ ಮುದ್ದೆ, ಸಾರು. ಉಪಚಾರಕ್ಕೇನೂ ಕೊರತೆಯಿಲ್ಲ. ಆರು ತಿಂಗಳಲ್ಲಿ ಆ ಮನುಷ್ಯ ಮಾತು ಕಡಿಮೆ ಮಾಡುತ್ತಾನೆ, ವರ್ಷದಲ್ಲಿ ಗೋಡೆಗೆ ಮುಖ ಮಾಡುತ್ತಾನೆ. ಅಲುಗಾಡದ ಕೀಲು ಇನ್ನಷ್ಟು ಬಿಗಿಯುತ್ತದೆ ಎಂಬುದು ವೈದ್ಯರ ಮಾತು. ತನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂದು ತಿಳಿದ ಮನಸ್ಸೂ ಹಾಗೆಯೇ ಬಿಗಿಯುತ್ತದೆಂದು ನಾವು ಸೇರಿಸಬಹುದು.

ಕೃಷ್ಣಗಿರಿ ಸೀಮೆ ಹುಣಸೆಗೆ, ಮಾವಿಗೆ ಹೆಸರಾದದ್ದು. ಹೊಸೂರಿನ ಸುತ್ತ ಹೂವಿನ ಬೇಸಾಯ, ರೇಷ್ಮೆ. ಹುಣಸೆಹಣ್ಣಿನಿಂದ ಬೀಜ ತೆಗೆಯುವುದು, ಹೂ ಕಟ್ಟುವುದು, ಒಳ್ಳೆಯ ಗೂಡು ಕೆಟ್ಟ ಗೂಡುಗಳನ್ನು ಬೇರ್ಪಡಿಸುವುದು, ಇವೆಲ್ಲ ಬೆನ್ನು ಕೇಳುವ ಕೆಲಸಗಳಲ್ಲ. ಬೆರಳು ಮತ್ತು ಕಣ್ಣು ಸಾಕು. ನೆಲದ ಮೇಲೆ ಕೂರಲಾಗದಿದ್ದರೆ ಎತ್ತರದ ಮಣೆ, ಎದುರಿಗೆ ಒಂದು ಮೇಜು. ನಮ್ಮಲ್ಲಿ ಅಡಿಕೆ ಸುಲಿಯುವ ಹಾಗೆ, ಬೀಡಿ ಕಟ್ಟುವ ಹಾಗೆ. (ಉಬ್ಬಸವಿದ್ದವರಿಗೆ ಮಾತ್ರ ಬೀಡಿಯ ಹೊಗೆಸೊಪ್ಪಿನ ದೂಳು ಬೇಡ.) ದಿನಕ್ಕೆ ಹತ್ತು ರೂಪಾಯಿ ಬರುತ್ತದೆಯೋ ನೂರು ಬರುತ್ತದೆಯೋ ಎಂಬುದು ಎರಡನೆಯ ಮಾತು. ಸಂಜೆಯ ಮಾರುಕಟ್ಟೆಗೆ ಹೂ ಹೋಗಬೇಕು, ಅದಕ್ಕೆ ಮೊದಲು ಕಟ್ಟಿ ಮುಗಿಸಬೇಕು ಎಂಬ ಗಡುವು ಇದ್ದವರಿಗೆ ಬೆಳಗಿನಿಂದ ಸಂಜೆಯವರೆಗಿನ ಹೊತ್ತು ಬೆಟ್ಟದಂತೆ ಕಾಣುವುದಿಲ್ಲ.

ಇವೆಲ್ಲ ಸಣ್ಣಪುಟ್ಟ ಕೆಲಸವಾಯಿತು, ಕಲಿತವರ ಗತಿಯೇನು ಎಂದು ಕೇಳುವವರಿಗೆ ಕೃಷ್ಣಗಿರಿಯಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದ ವೇಲೂರನ್ನು ತೋರಿಸಬೇಕು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಮೇರಿ ವರ್ಗೀಸ್ ಎಂಬ ಯುವತಿ ಇದ್ದರು. ಕೊಚ್ಚಿಯ ಕಡೆಯವರು, 1925ರಲ್ಲಿ ಹುಟ್ಟಿದವರು. ಸ್ತ್ರೀರೋಗ ವಿಭಾಗದಲ್ಲಿ ಮುಂದುವರಿಯುವ ಆಸೆಯಿತ್ತು. 1954ರ ಜನವರಿಯಲ್ಲಿ ಜೊತೆಯ ವೈದ್ಯರೊಂದಿಗೆ ವಿಹಾರಕ್ಕೆ ಹೊರಟ ವಾಹನ ಅಪಘಾತಕ್ಕೀಡಾಯಿತು. ಮುಖಕ್ಕೆ ದೊಡ್ಡ ಗಾಯ. ಅದಕ್ಕಿಂತ ದೊಡ್ಡದು ಬೆನ್ನುಹುರಿಗೆ. ಸೊಂಟದಿಂದ ಕೆಳಗೆ ಶಕ್ತಿಯೂ ಸ್ಪರ್ಶವೂ ಹೋಯಿತು. ಇಪ್ಪತ್ತೊಂಬತ್ತು ತುಂಬದ ವೈದ್ಯೆ ತನ್ನದೇ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ರೋಗಿಯಾಗಿ ಮಲಗಿದರು.

ಆ ಕಾಲಕ್ಕೆ ವೇಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ನೇರ ಮಾಡುವ ಕ್ರಮವನ್ನು ಬೆಳೆಸುತ್ತಿದ್ದರು. ಹೊಟ್ಟೆಯ ಶಸ್ತ್ರಚಿಕಿತ್ಸೆ ನಿಂತು ಮಾಡಬೇಕಾದದ್ದು. ಕೈಯ ಶಸ್ತ್ರಚಿಕಿತ್ಸೆಯನ್ನು ಮಾಡುವವರು ಕುಳಿತೇ ಮಾಡುವುದು ವಾಡಿಕೆ. ಹಾಗಿದ್ದ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತವರು ಏಕೆ ಮಾಡಬಾರದು? ಈ ಯೋಚನೆಯನ್ನು ಬ್ರ್ಯಾಂಡ್ ಮುಂದಿಟ್ಟರು, ಮೇರಿ ವರ್ಗೀಸ್ ಹಿಡಿದುಕೊಂಡರು. ಕಾಲಿಲ್ಲದ ವೈದ್ಯೆ ಕೈಯಿಲ್ಲದವರಿಗೆ ಕೈ ಮಾಡಿಕೊಡತೊಡಗಿದರು. ನೋವು ನಿಂತಿರಲಿಲ್ಲ, ಬೆನ್ನೆಲುಬಿಗೆ ಮತ್ತೂ ಶಸ್ತ್ರಚಿಕಿತ್ಸೆ ಬೇಕಾಯಿತು. ಆಸ್ಟ್ರೇಲಿಯದ ಪರ್ತ್‌ನಲ್ಲಿ ಗಾಲಿಕುರ್ಚಿಯ ಬದುಕಿಗೆ ಬೇಕಾದ ತರಬೇತಿ ಪಡೆದರು. ಅಲ್ಲಿ ತನಗೆ ಸಿಕ್ಕಿದ್ದು ತನ್ನ ದೇಶದ ಇತರರಿಗೆ ಸಿಗುತ್ತಿಲ್ಲವಲ್ಲ ಎಂಬುದು ಅವರನ್ನು ನ್ಯೂಯಾರ್ಕಿಗೆ ಕರೆದೊಯ್ದಿತು. ಅಲ್ಲಿ ಡಾಕ್ಟರ್ ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯವನ್ನು ಕಲಿತು ಬಂದು ವೇಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಬಾಗಾಯಂನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ, 1986ರಲ್ಲಿ ನಿಧನ. ಅಪಘಾತದ ಅನಂತರ ಮೂವತ್ತೆರಡು ವರ್ಷ ಅವರು ಬದುಕಿದರು, ಅದರ ಬಹುಭಾಗ ಕೆಲಸದಲ್ಲಿ.

ಆ ಕೇಂದ್ರದಲ್ಲಿ ಕಲಿಸುವುದು ದೊಡ್ಡ ತತ್ತ್ವವನ್ನೇನೂ ಅಲ್ಲ. ಹಾಸಿಗೆಯಿಂದ ಕುರ್ಚಿಗೆ ಹೇಗೆ ಜರುಗುವುದು, ಮಲಮೂತ್ರವನ್ನು ಹೇಗೆ ನಿಭಾಯಿಸುವುದು, ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣಾಗದಂತೆ ಮೈಯನ್ನು ಎಷ್ಟು ಹೊತ್ತಿಗೊಮ್ಮೆ ಎತ್ತುವುದು, ಮನೆಯ ಹೊಸ್ತಿಲನ್ನು ಏನು ಮಾಡುವುದು. ಮನೆಯವರೂ ಜೊತೆಯಲ್ಲಿದ್ದು ಕಲಿಯುತ್ತಾರೆ. ಹಳೆಯ ರೋಗಿಗಳನ್ನು ವರ್ಷಕ್ಕೊಮ್ಮೆ ಕರೆಸಿ ಮೇಳ ನಡೆಸುವ ಪದ್ಧತಿಯೂ ಇದೆ. ಹೊಸದಾಗಿ ಬೆನ್ನು ಮುರಿದವನಿಗೆ ವೈದ್ಯರ ಹತ್ತು ಮಾತಿಗಿಂತ, ಹತ್ತು ವರ್ಷದ ಹಿಂದೆ ಬೆನ್ನು ಮುರಿದು ಈಗ ಅಂಗಡಿ ನಡೆಸುವವನ ಒಂದು ಮಾತು ಹೆಚ್ಚು ಎಂದು ಅಲ್ಲಿಯವರು ಕಂಡುಕೊಂಡಿರಬೇಕು.

ದೀರ್ಘಕಾಲದ ಬೇನೆಯೊಡನೆ ದೀರ್ಘಕಾಲ ಬದುಕಿದ ಇನ್ನೊಬ್ಬರು ಹೊಸೂರಿನ ಮಣ್ಣಿನವರೇ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿ, ಹೊಸೂರಿನ ಶಾಲೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು. ರಾಜಾಜಿಯವರ ಪದವಿಗಳ ಪಟ್ಟಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅವರನ್ನು ಉಬ್ಬಸ ಕಾಡುತ್ತಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಮೈಕಟ್ಟು ಮೊದಲೇ ಕೃಶ. 1921ರ ಡಿಸೆಂಬರಿನಿಂದ ಮೂರು ತಿಂಗಳು ವೇಲೂರಿನ ಜೈಲಿನಲ್ಲಿದ್ದಾಗ ಅವರು ದಿನಚರಿ ಬರೆದಿಟ್ಟರು. 1930ರ ಏಪ್ರಿಲಿನಲ್ಲಿ ತಿರುಚಿನಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಸತ್ಯಾಗ್ರಹಕ್ಕೆಂದು ಸುಮಾರು 150 ಮೈಲಿ ನಡೆದರು. ಆಗ ವಯಸ್ಸು 51, ಬೇಸಗೆಯ ಬಿಸಿಲು, ಎದೆಯಲ್ಲಿ ದಮ್ಮು. ಇಂದು ನಮ್ಮಲ್ಲಿ ಇನ್‌ಹೇಲರ್ ಇದ್ದೂ “ಅಭ್ಯಾಸವಾಗಿಬಿಡುತ್ತದೆ” ಎಂಬ ಹುಸಿ ಭಯದಿಂದ ಅದನ್ನು ಕಪಾಟಿನಲ್ಲಿಡುವವರಿದ್ದಾರೆ; ಅವರಿಗೆ ಆ ಸೌಕರ್ಯವೂ ಇರಲಿಲ್ಲ.

ಅವರ ರಾಜಕೀಯವನ್ನು ಒಪ್ಪದವರು ಹಲವರು. ಹಿಂದಿಯ ವಿಷಯದಲ್ಲಿ, ಶಾಲಾ ಶಿಕ್ಷಣದ ವಿಷಯದಲ್ಲಿ ಅವರು ತೆಗೆದುಕೊಂಡ ತೀರ್ಮಾನಗಳಿಗೆ ಎದ್ದ ವಿರೋಧವೂ ಇತಿಹಾಸದಲ್ಲಿದೆ. ಈ ಲೇಖನಕ್ಕೆ ಬೇಕಾದದ್ದು ಬೇರೆಯದು. ಮೈ ಕೈಕೊಟ್ಟಾಗಲೂ ಅಧಿಕಾರ ಕೈತಪ್ಪಿದಾಗಲೂ ಈ ಮನುಷ್ಯ ಮುಂದಿನ ಕೆಲಸವೊಂದನ್ನು ಇಟ್ಟುಕೊಂಡಿರುತ್ತಿದ್ದರು. ‘ಕಲ್ಕಿ’ ವಾರಪತ್ರಿಕೆಗೆ ಮಹಾಭಾರತವನ್ನೂ ರಾಮಾಯಣವನ್ನೂ ತಮಿಳಿನಲ್ಲಿ ಸರಳವಾಗಿ ಬರೆದರು. ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಾರಪತ್ರಿಕೆಗೆ ಬರೆಯುವುದೆಂದರೆ ಜ್ವರ ಬಂದ ವಾರಕ್ಕೂ ರಜೆಯಿಲ್ಲ. 80 ದಾಟಿದ ಮೇಲೆ, 1959ರಲ್ಲಿ, ಹೊಸ ಪಕ್ಷ ಕಟ್ಟಿದರು. 83ನೆಯ ವಯಸ್ಸಿನಲ್ಲಿ, 1962ರಲ್ಲಿ, ವಿದೇಶಕ್ಕೆ ಹೊರಟು ಅಧ್ಯಕ್ಷ ಕೆನಡಿಯವರನ್ನು ಕಂಡು ಅಣುಬಾಂಬಿನ ಪರೀಕ್ಷೆ ನಿಲ್ಲಿಸಿರೆಂದು ವಾದಿಸಿದರು. 94 ತುಂಬಿದ ಮೇಲೆ, 1972ರ ಡಿಸೆಂಬರ್ 25ರಂದು ತೀರಿಕೊಂಡರು. ತೊರಪಳ್ಳಿಯ ಅವರ ಮನೆ ಈಗ ಸ್ಮಾರಕ.

ದೊಡ್ಡವರ ಕಥೆಯಲ್ಲಿ ಒಂದು ಅಪಾಯವಿದೆ. ಉಡುಪಿಯ ಕೋಟದ ಮೂಲದ ಮಾಲತಿ ಹೊಳ್ಳರು ಎಳವೆಯಲ್ಲಿ ಪೋಲಿಯೋ ತಗಲಿಯೂ ಗಾಲಿಕುರ್ಚಿಯಲ್ಲಿ ಆಡಿ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದರು ಎಂದು ನಾವೆಲ್ಲ ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಆದರೆ ಮನೆಯಲ್ಲಿ ಮಲಗಿದವರ ತಲೆದಿಂಬಿನ ಬಳಿ ಅದನ್ನು ಓದಿ ಹೇಳಿ “ನೋಡು, ನೀನು ಮಾತ್ರ ಹೀಗೆ” ಎಂದರೆ ಅದು ಉತ್ತೇಜನವಲ್ಲ, ಗಾಯಕ್ಕೆ ಉಪ್ಪು. ಪದಕ ಬರುವುದು ಸಾವಿರಕ್ಕೊಬ್ಬರಿಗೆ. ಉಳಿದವರಿಗೆ ಸಂಬಳದ ಕೆಲಸವೊಂದು ಸಿಕ್ಕಿದರೆ ಅದಕ್ಕಿಂತ ದೊಡ್ಡ ಪದಕವಿಲ್ಲ.

ಅದಕ್ಕೂ ಹೊಸೂರಿನಲ್ಲಿಯೇ ಮೇಲ್ಪಂಕ್ತಿಯಿದೆ. ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಜೊತೆಯಾಗಿ 1980ರ ದಶಕದಲ್ಲಿ ಅಲ್ಲಿ ಟೈಟಾನ್ ಗಡಿಯಾರದ ಕಾರ್ಖಾನೆ ತೆರೆದಾಗ ಸುತ್ತಿನ ಹಳ್ಳಿಗಳ ಎಳೆಯರನ್ನು ಕೆಲಸಕ್ಕೆ ತೆಗೆದುಕೊಂಡರು. ಅವರ ಜೊತೆಗೆ ಕಿವಿ ಕೇಳದವರು, ಕಾಲು ಊನವಾದವರೂ ಸೇರಿದರು. ಕೈಗಡಿಯಾರದ ಬಿಡಿಭಾಗಗಳು ಎಳ್ಳಿನ ಕಾಳಿನಷ್ಟು. ಚಿಮುಟದಲ್ಲಿ ಹಿಡಿದು ಕೂರಿಸಬೇಕು. ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಕಿವುಡರಿಗೆ ಏಕಾಗ್ರತೆ ಹೆಚ್ಚು ಎಂದು ಕೆಲವರು ಹೊಗಳುವುದುಂಟು. ಆ ಹೊಗಳಿಕೆ ನಮಗೆ ಅಷ್ಟು ಹಿಡಿಸುವುದಿಲ್ಲ. ಅವರಿಗೂ ಎಲ್ಲರ ಹಾಗೆ ಬೇಸರವಾಗುತ್ತದೆ, ನಿದ್ದೆ ತೂಗುತ್ತದೆ. ಕೆಲಸ ಕೊಡಲು ಅವರು ವಿಶೇಷ ಮನುಷ್ಯರಾಗಿರಬೇಕಾದ್ದಿಲ್ಲ, ಆ ಕೆಲಸಕ್ಕೆ ಕಿವಿ ಬೇಡ ಎಂಬುದಷ್ಟೇ ಸಾಕು.

ಹೆಸರಿನ ಬಗ್ಗೆಯೂ ಒಂದು ಮಾತು. ಮೊದಲು ಕನ್ನಡದಲ್ಲಿ ಅಂಗವಿಕಲ ಎನ್ನುತ್ತಿದ್ದೆವು. ಈಗ ಕರ್ನಾಟಕದ ಸರಕಾರಿ ಕಾಗದದಲ್ಲಿ ವಿಕಲಚೇತನ. ವಿಕಲವಾದದ್ದು ಅಂಗವೇ ಹೊರತು ಚೇತನವಲ್ಲವಲ್ಲ! ತಮಿಳಿನವರು ಮಾಟ್ರುತ್ತಿರನಾಳಿ, ಅಂದರೆ ಬೇರೆ ಬಗೆಯ ಸಾಮರ್ಥ್ಯವುಳ್ಳವರು ಎನ್ನುತ್ತಾರೆ. ಮಲಯಾಳದ ಭಿನ್ನಶೇಷಿಯೂ ಅದೇ ಅರ್ಥದ್ದು. ಈ ಒಂದು ಪದದಲ್ಲಿ ನೆರೆಯವರು ನಮಗಿಂತ ಚೆನ್ನಾಗಿ ಯೋಚಿಸಿದ್ದಾರೆಂದು ಒಪ್ಪಿಕೊಳ್ಳೋಣ.

ಮನಸ್ಸು ಕುಗ್ಗುವುದೂ ಬೇನೆಯ ಒಂದು ಭಾಗ. ಅದನ್ನು ಸೋಮಾರಿತನವೆಂದು ಬೈಯಬಾರದು. ಊಟ ಬೇಡ, ನಿದ್ದೆ ಬಾರದು, ಬದುಕಿದ್ದೇನು ಫಲ ಎಂಬ ಮಾತು ವಾರಗಟ್ಟಲೆ ಮುಂದುವರಿದರೆ ಅದಕ್ಕೆ ಚಿಕಿತ್ಸೆಯಿದೆ. ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಒಂದು ಬಸ್ಸಿನ ದೂರ. ದೂರದವರಿಗೆ 2022ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಖರ್ಚಿಲ್ಲದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು. ಆರೈಕೆ ಮಾಡುವವರನ್ನೂ ಮರೆಯಬಾರದು. ಹೆಚ್ಚಿನ ಮನೆಗಳಲ್ಲಿ ಆ ಹೊರೆ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ವಾರದಲ್ಲಿ ಅರ್ಧ ದಿನವಾದರೂ ನಾದಿನಿಯೋ ಮೈದುನನೋ ಆ ಜಾಗದಲ್ಲಿ ಕೂತು, ಆಕೆ ತವರಿಗೋ ಸಂತೆಗೋ ಹೋಗಿ ಬರಲಿ. ಎಣ್ಮಕಜೆಯ ತಾಯಂದಿರಿಗೂ ಇದೇ ಬೇಕಾಗಿರುವುದು.

ಕಾಗದಪತ್ರದ ಕೆಲಸ ಬಾಕಿ ಉಳಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಊನಗಳನ್ನು ಹೆಸರಿಸುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಊನವಿದೆಯೆಂದು ದೃಢಪತ್ರ ಸಿಕ್ಕಿದವರಿಗೆ ಸರಕಾರಿ ಉದ್ಯೋಗದಲ್ಲಿ ಶೇಕಡಾ 4ರ ಮೀಸಲಾತಿಯೇ ಮೊದಲಾದ ಸೌಲಭ್ಯಗಳಿವೆ. ಬಿಗಿದ ಬೆನ್ನು, ಸೋತ ಕಾಲು ಚಲನೆಯ ಊನದಲ್ಲಿ ಬರುತ್ತವೆ. ಆದರೆ ದೃಢಪತ್ರಕ್ಕೆ ಅಲೆಯುವ ಹಳ್ಳಿಯ ಕನ್ನಡಿಗನಿಗೆ ಹೊಸೂರಿನಲ್ಲಿ ಫಾರಂ ತಮಿಳಿನಲ್ಲಿ, ಕಾಸರಗೋಡಿನಲ್ಲಿ ಮಲಯಾಳದಲ್ಲಿ. ಕಾಲಿನ ಊನದ ಮೇಲೆ ಭಾಷೆಯ ಊನವೂ ಸೇರಿತು. ಇಲ್ಲಿ ನೆನಪಿಡಬೇಕಾದದ್ದು ಸಂವಿಧಾನದ 350ನೇ ವಿಧಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಹಕ್ಕಿದೆಯೆಂದು ಮೇಜಿನ ಆಚೆಯವರಿಗೆ ತಿಳಿಹೇಳಿ, ಎರಡೂ ಭಾಷೆಯಲ್ಲಿ ಬರೆದುಕೊಡಬಲ್ಲವರು ಊರಿಗೊಬ್ಬರಾದರೂ ಬೇಕು. ಅದೂ ಕುಳಿತು ಮಾಡುವ ಕೆಲಸವೇ. ಕುತ್ತಿಗೆ ತಿರುಗದವರೂ ಮಾಡಬಹುದು. ಬರೆದ ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಂಡು ತಂದು ಮನೆಯಲ್ಲಿ ಜೋಪಾನವಾಗಿಡಬೇಕು.